ಹಳೇ ಡರ್ಟ್ ಟ್ರ್ಯಾಕ್ ಜಿಪ್ಸಿಗೆ ಜಾತಕ ಬರೆಸುವುದು: ಚಿಕ್ಕಮಗಳೂರಿನ ಒಂದು ಗ್ಯಾರೇಜಿನ ವಿಮರ್ಶೆ

ಚಿಕ್ಕಮಗಳೂರು ಸೀಮೆಯಲ್ಲಿ ಮಾರಾಟಕ್ಕೆ ನಿಂತ ಹಳೇ ಮಾರುತಿ ಜಿಪ್ಸಿ ಜೀಪುಗಳ ಪೈಕಿ ಡರ್ಟ್ ಟ್ರ್ಯಾಕಿನಲ್ಲಿ, ಅಂದರೆ ಮಣ್ಣಿನ ರೇಸ್ ಟ್ರ್ಯಾಕಿನಲ್ಲಿ, ಓಡಿ ಗೆಲ್ಲದೇ ಇದ್ದದ್ದು ಒಂದೂ ಇಲ್ಲ. ಮಾರುವವರ ಬಾಯಲ್ಲಿ ಕೇಳಬೇಕು: ‘ಆ ಕಾಲದಲ್ಲಿ ಡರ್ಟ್ ಟ್ರ್ಯಾಕಲ್ಲಿ ಇದನ್ನ ಹಿಡಿಯೋರೇ ಇರ್ಲಿಲ್ಲ ಸಾರ್.’ ಆ ಒಂದು ಮಾತಿಗೇ ಗಾಡಿಯ ಬೆಲೆ ಒಂದು ಮೆಟ್ಟಿಲು ಹತ್ತಿರುತ್ತದೆ. ಊರಂಚಿನಲ್ಲಿ, ಮೂಡಿಗೆರೆ ಕಡೆಗೆ ಹೋಗುವ ರಸ್ತೆಯ ಪಕ್ಕದ ಗ್ಯಾರೇಜೊಂದು ಆ ಮಾತು ನಿಜವೋ ಬುರುಡೆಯೋ ಅಂತ ಗಾಡಿ ಬಿಚ್ಚಿ ನೋಡಿ ಬರೆದುಕೊಡುತ್ತದೆ. ಅವರು ಇದಕ್ಕೆ ಇಟ್ಟಿರುವ ಹೆಸರು ‘ಜಾತಕ’. ಗ್ಯಾರೇಜಿನ ಹೆಸರು ಇಲ್ಲಿ ಬೇಡ, ಕೆಳಗೆ ಹೊಗಳಿಕೆಯಷ್ಟೇ ದೂರುಗಳೂ ಇವೆ.

ಗಾಡಿಯನ್ನು ಎರಡು ದಿನ ಬಿಟ್ಟುಬರಬೇಕು. ಕೈಗೆ ಬರುವುದು ಫೋಟೋಗಳಿರುವ ಒಂದು ಫೈಲು. ಅದರಲ್ಲಿ ಚಾಸಿ (ಗಾಡಿಯ ಅಡಿಚೌಕಟ್ಟು) ನಂಬರಿನ ಪೆನ್ಸಿಲ್ ಅಚ್ಚು, ಅಳತೆಗಳ ಪಟ್ಟಿ, ಬಣ್ಣದ ಪದರಗಳ ಚಿತ್ರ, ಕೊನೆಗೆ ಒಂದು ಪುಟ ‘ಇತಿಹಾಸ’ ಇರುತ್ತವೆ. ಖರ್ಚು ಸುಮಾರು ಒಂದು ಒಳ್ಳೇ ಮಡ್ ಟೈರಿನ ಬೆಲೆ. ಅಲ್ಲಿ ಜಾತಕ ಬರೆಸಿದ ಮೂರು ಜಿಪ್ಸಿಗಳ ಫೈಲನ್ನು ಗಾಡಿಯ ಪಕ್ಕದಲ್ಲೇ ಇಟ್ಟುಕೊಂಡು ಸಾಲುಸಾಲಾಗಿ ತಾಳೆ ನೋಡಿ ಬರೆದದ್ದು ಇದು. ಮೊದಲೇ ಹೇಳಿಬಿಡುವುದಾದರೆ, ಕಬ್ಬಿಣ ಓದುವುದರಲ್ಲಿ ಈ ಗ್ಯಾರೇಜಿನವರು ಗಟ್ಟಿಗರು. ಕಾಗದ ಓದುವುದರಲ್ಲಿ ಸುಮಾರು. ಕಥೆ ಬರೆಯಲು ಕೂತರೆ ಮಾತ್ರ ಮಾರುವವರ ತಮ್ಮಂದಿರಾಗಿಬಿಡುತ್ತಾರೆ.

ಕಾಗದದ ಕೆಲಸ ಗಾಡಿ ಒಯ್ಯುವ ಮೊದಲೇ ನೀವೇ ಮುಗಿಸಿಕೊಳ್ಳಿ. ಅದನ್ನೂ ಮಾಡಿಸಿಕೊಡುತ್ತೇವೆ ಎಂದು ಗ್ಯಾರೇಜಿನವರು ಬೇರೆ ದುಡ್ಡು ಕೇಳುತ್ತಾರೆ, ಕೊಡುವ ಅಗತ್ಯವಿಲ್ಲ. ಬೇಕಾದದ್ದು ಆರ್‌ಸಿ ಕಾರ್ಡಿನ ಜೆರಾಕ್ಸಲ್ಲ, ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಯ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ಅಲ್ಲಿನ ನೋಂದಣಿ ದಾಖಲೆಯ ಪ್ರತಿ. ಆರ್‌ಸಿಯಲ್ಲಿ ಈಗಿನ ಮಾಲೀಕ ಮಾತ್ರ ಕಾಣುತ್ತಾನೆ. ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಚಾಸಿ ನಂಬರ್, ಇಂಜಿನ್ ನಂಬರ್, ಬಣ್ಣ, ಬಾಡಿ ನಮೂನೆ, ಸಾಲದ ನಮೂದು, ಹೆಸರು ಬದಲಾದ ದಿನಾಂಕಗಳು ಎಲ್ಲ ಸಿಗುತ್ತವೆ. ಮೊಬೈಲ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿದರೆ ಮಾಲೀಕನ ಹೆಸರಿನ ಅಕ್ಷರಗಳ ಬದಲು ನಕ್ಷತ್ರಗಳೇ ಹೆಚ್ಚು ಬರುತ್ತವೆ. ಕೈಬರಹದ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಏರಿಸಿದ ಹಳೇ ಗಾಡಿಗಳಲ್ಲಿ ಒಂದೆರಡು ಮಾಲೀಕರು ಬಿಟ್ಟುಹೋಗಿರುವುದೂ ಉಂಟು. ಹಾಗಾಗಿ ಹಳೇ ರಿಜಿಸ್ಟರ್ ನೋಡಿ ಕೊಡಿ ಅಂತ ಅರ್ಜಿಯಲ್ಲೇ ಬರೆಯುವುದು ಒಳ್ಳೆಯದು.

ನಂಬರ್ ಪ್ಲೇಟೇ ಅರ್ಧ ಕಥೆ ಹೇಳುತ್ತದೆ. ಚಿಕ್ಕಮಗಳೂರಿಗೆ ಕೆಎ-18, ಹಾಸನಕ್ಕೆ ಕೆಎ-13, ಸಕಲೇಶಪುರಕ್ಕೆ ಕೆಎ-46, ತರೀಕೆರೆಗೆ ಕೆಎ-66. ಈಗಿನ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ, ಕೆಎ ಸರಣಿ ಬಂದದ್ದು ಅದಾದ ಮೇಲೆ. ಅದಕ್ಕೂ ಹಿಂದಿನ ಜಿಪ್ಸಿಗೆ ಮೂರಕ್ಷರದ ಹಳೇ ನಂಬರ್ ಇರಬೇಕು. ‘92ರ ಗಾಡಿ’ ಅನ್ನುವುದಕ್ಕೆ ಕೆಎ-66 ನಂಬರಿದ್ದರೆ ಅದು ಹುಟ್ಟುನಂಬರಲ್ಲ, ಆ ಕಚೇರಿಯೇ ಎಷ್ಟೋ ವರ್ಷ ತಡವಾಗಿ ಬಂದದ್ದು. ರಾಜ್ಯದೊಳಗೆ ಕೈ ಬದಲಾದರೆ ನಂಬರ್ ಬದಲಾಗುವುದಿಲ್ಲ. ಅಂದಮೇಲೆ ಆ ಗಾಡಿ ಒಂದೋ ಹೊರರಾಜ್ಯದಿಂದ ಎನ್‌ಒಸಿ ತಂದು ಮರುನೋಂದಣಿ ಆದದ್ದು, ಇಲ್ಲವೇ ಮಿಲಿಟರಿ ಹರಾಜಿನಲ್ಲಿ ಬಂದು ತಡವಾಗಿ ನೋಂದಣಿ ಆದದ್ದು. ಹೊರರಾಜ್ಯದ್ದಾದರೆ ಹಳೇ ನಂಬರನ್ನು ಹುಡುಕಿ ಆ ಊರಿನ ಕಚೇರಿಯಿಂದಲೂ ವಿವರ ತರಿಸಬೇಕು. ಇಲ್ಲದಿದ್ದರೆ ನಿಮಗೆ ಸಿಗುವುದು ಬರೀ ಉತ್ತರಾರ್ಧ.

ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಇರುವುದರಷ್ಟೇ ಇಲ್ಲದ್ದನ್ನೂ ಓದಬೇಕು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಡುವೆ ನವೀಕರಣವೂ ಇಲ್ಲ, ವಿಮೆಯೂ ಇಲ್ಲ ಅನ್ನುವ ಆರೇಳು ವರ್ಷದ ಖಾಲಿ ಜಾಗ ಸಿಕ್ಕರೆ ಗಾಡಿ ಅಷ್ಟು ದಿನ ರಸ್ತೆಯಲ್ಲಿರಲಿಲ್ಲ ಎಂದಾಯಿತು. ತೋಟದ ಶೆಡ್ಡಿನಲ್ಲಿ ಕೋಳಿ ಕೂರಲು ಜಾಗವಾಗಿತ್ತೋ, ಲಾರಿಯ ಮೇಲೆ ಹೇರಿಸಿಕೊಂಡು ಡರ್ಟ್ ಟ್ರ್ಯಾಕಿಗೆ ಹೋಗುತ್ತಿತ್ತೋ, ಅದನ್ನು ಕಾಗದ ಹೇಳುವುದಿಲ್ಲ. ಎಲ್ಲಿ ಹುಡುಕಬೇಕು ಅನ್ನುವುದನ್ನಂತೂ ಹೇಳುತ್ತದೆ. ಗ್ಯಾರೇಜಿನ ಮೂರು ಫೈಲುಗಳಲ್ಲೂ ಈ ಖಾಲಿ ಜಾಗದ ಬಗ್ಗೆ ಒಂದು ಸಾಲೂ ಇಲ್ಲ. ‘ಪೇಪರ್ಸ್ ಓಕೆ’ ಎಂದು ಬರೆದು ಟಿಕ್ ಹಾಕಿದ್ದಾರೆ.

ಚಾಸಿ ನಂಬರಿನ ವಿಷಯಕ್ಕೆ ಬಂದರೆ ಅವರ ಕೈಗೆ ಸಾಟಿಯಿಲ್ಲ. ಜಿಪ್ಸಿಯ ನಂಬರ್ ಇರುವುದು ಬಲಗಡೆಯ ಚಾಸಿ ಪಟ್ಟಿಯ ಮೇಲೆ, ಮುಂದಿನ ಚಕ್ರದ ಗೂಡಿನೊಳಗೆ. ಮಲೆನಾಡಿನ ಮಳೆ, ಕೆಸರು, ಅದರ ಮೇಲೆ ಪ್ರತಿ ವರ್ಷ ಬಳಿದ ಕರಿ ಬಣ್ಣ, ಎಲ್ಲ ಸೇರಿ ಅಲ್ಲೊಂದು ಹಪ್ಪಳ ಕಟ್ಟಿರುತ್ತದೆ. ಬೇರೆ ಕಡೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಒಂದೇ ನಿಮಿಷದಲ್ಲಿ ಹೊಳಪು ತರಿಸುತ್ತಾರೆ, ನಂಬರೂ ಸವೆದು ಹೋಗುತ್ತದೆ. ಇಲ್ಲಿ ಚಕ್ರ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಮೆತ್ತಿಟ್ಟು, ಹಿತ್ತಾಳೆ ಬ್ರಷ್ಷಿನಿಂದ ಕೈಯಲ್ಲೇ ಉಜ್ಜುತ್ತಾರೆ. ಒರೆಸಿ ಒಣಗಿದ ಮೇಲೆ ಚಾಕ್ ತಿಕ್ಕಿದರೆ ಅಂಕಿಗಳ ಹಳ್ಳದಲ್ಲಿ ಬಿಳುಪು ನಿಲ್ಲುತ್ತದೆ. ಆಗ ಪಕ್ಕದಿಂದ ಟಾರ್ಚು ಹಿಡಿದು ಫೋಟೋ. ಕೊನೆಗೆ ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಮೂರು ಅಚ್ಚು: ಒಂದು ಫೈಲಿಗೆ, ಒಂದು ನಿಮಗೆ, ಒಂದು ಹಾಳಾದರೆ ಇರಲಿ ಅಂತ.

ನಂಬರ್ ತಿದ್ದಿದ್ದರೆ ಅಚ್ಚಿನಲ್ಲೇ ಗೊತ್ತಾಗುತ್ತದೆ. ಕಾರ್ಖಾನೆಯ ಅಂಕಿಗಳು ಒಂದೇ ಆಳ, ಒಂದೇ ಅಂತರ. ಕೈಯಲ್ಲಿ ಪಂಚ್ ಹೊಡೆದದ್ದು ಕುಡಿದವನ ನಡಿಗೆಯ ಹಾಗೆ ಮೇಲೆ ಕೆಳಗೆ ಹೋಗಿರುತ್ತದೆ. ಅಂಕಿಗಳ ಸುತ್ತ ತಗಡು ತುಸು ತಗ್ಗಾಗಿದ್ದರೆ ತೀಡಿದ್ದಾರೆ, ಸುತ್ತ ನಾಲ್ಕೂ ಕಡೆ ವೆಲ್ಡಿಂಗ್ ಗೆರೆ ಇದ್ದರೆ ಬೇರೆ ಗಾಡಿಯ ತುಂಡನ್ನೇ ಕತ್ತರಿಸಿ ಕೂರಿಸಿದ್ದಾರೆ. ಎರಡರಲ್ಲಿ ಯಾವುದು ಕಂಡರೂ ಜಾತಕ ಅಲ್ಲಿಗೇ ನಿಲ್ಲಿಸಿ. ಅದು ರೇಸಿನ ಪ್ರಶ್ನೆಯಲ್ಲ, ಪೊಲೀಸ್ ಠಾಣೆಯ ಪ್ರಶ್ನೆ. ಅಚ್ಚು ತೆಗೆದ ದಿನವೇ ಎನ್‌ಸಿಆರ್‌ಬಿಯ (ಕೇಂದ್ರದ ಅಪರಾಧ ದಾಖಲೆ ಸಂಸ್ಥೆ) ಆನ್‌ಲೈನ್ ಸೇವೆಯಲ್ಲಿ ಕಳವು ಗಾಡಿಗಳ ಪಟ್ಟಿಯೊಂದಿಗೆ ತಾಳೆ ನೋಡಿಬಿಡಿ.

ಯಾವ ವರ್ಷದ ಜಿಪ್ಸಿ ಎನ್ನುವುದಕ್ಕೆ ಟೇಪು ಸಾಕು. ಮೊದಲ ಜಿಪ್ಸಿ 1985ರ ಡಿಸೆಂಬರಿನಲ್ಲಿ ಬಂತು: ಎಂಜಿ410, 970 ಸಿಸಿ ಎಫ್10ಎ ಇಂಜಿನ್, ನಾಲ್ಕು ಗೇರು. ಅದರ ಮುಂದಿನ ಎರಡು ಚಕ್ರಗಳ ಮಧ್ಯಬಿಂದುಗಳ ನಡುವಿನ ಅಗಲ 1210 ಮಿಮೀ, ಹಿಂದೆ 1220. 1993ರಲ್ಲಿ ಬಂದ ಎಂಜಿ410ಡಬ್ಲ್ಯುನಲ್ಲಿ ಇದು 90 ಮಿಮೀ ಹಿಗ್ಗಿ 1300 ಮತ್ತು 1310 ಆಯಿತು. 1996ರಲ್ಲಿ 1298 ಸಿಸಿ, ಐದು ಗೇರಿನ ಜಿಪ್ಸಿ ಕಿಂಗ್, 2000ದಲ್ಲಿ ಅದಕ್ಕೇ 16 ವಾಲ್ವಿನ ಎಂಪಿಎಫ್‌ಐ (ಪೆಟ್ರೋಲ್ ಸಿಂಪಡಿಸುವ) ಇಂಜಿನ್. 1991ರ ಆರ್‌ಸಿ ಇದ್ದು ಆ್ಯಕ್ಸಲ್ ಅಗಲ 1300 ಬಂದರೆ ಮೋಸ ಅಂತ ಎಗರಬೇಡಿ. ಕಿರಿದಾದ ಹಳೇ ಜಿಪ್ಸಿ ತಿರುವಿನಲ್ಲಿ ಮಗುಚುತ್ತದೆ ಎಂದು ಓಟದವರೇ ಅಗಲದ ಆ್ಯಕ್ಸಲ್ ಹಾಕಿಸುವುದು ಮಾಮೂಲಿ, ಅದು ಒಂದು ರೀತಿಯಲ್ಲಿ ಓಡಿದ್ದಕ್ಕೆ ಪುರಾವೆಯೇ. ಆದರೆ ಅಳೆಯುವಾಗ ರಿಮ್ ಕಂಪನಿಯದ್ದೇ ಇರಬೇಕು. ಹೊರಚಾಚಿದ ಅಲಾಯ್ ಹಾಕಿ ಅಳೆದರೆ ಅಂಕಿ ಸುಳ್ಳು. ಒಂದು ಫೈಲಿನಲ್ಲಿ ಇದೇ ತಪ್ಪಾಗಿ 1345 ಅಂತ ಬರೆದಿದ್ದಾರೆ, ಅಂಥ ಜಿಪ್ಸಿ ಎಲ್ಲೂ ಹುಟ್ಟಿಲ್ಲ.

ಚಾಸಿ ಸೊಟ್ಟಗಿದೆಯೇ ನೋಡುವ ಅವರ ವಿಧಾನ ಗಾರೆ ಕೆಲಸದವರದ್ದು. ಸಮತಟ್ಟಾದ ಸಿಮೆಂಟ್ ನೆಲ, ನಾಲ್ಕು ಸ್ಪ್ರಿಂಗ್ ಹ್ಯಾಂಗರುಗಳಿಂದ (ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್ಟು) ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಚುಕ್ಕಿ, ಆಮೇಲೆ ಮೂಲೆಯಿಂದ ಮೂಲೆಗೆ ದಾರ. ಎರಡು ಕರ್ಣಗಳ ವ್ಯತ್ಯಾಸ 5 ಮಿಮೀ ಒಳಗಿದ್ದರೆ ಹಳೇ ಗಾಡಿಗೆ ಚೆನ್ನಾಗೇ ಇದೆ. 10 ದಾಟಿದರೆ ಎಲ್ಲೋ ಜೋರಾಗಿ ಬಡಿದಿದೆ. ಜೊತೆಗೆ ಹ್ಯಾಂಗರ್ ಬುಡ, ಸ್ಟೀರಿಂಗ್ ಬಾಕ್ಸ್ ಕೂರುವ ಜಾಗ, ಇಂಜಿನ್ ಮೌಂಟು, ಈ ಮೂರೂ ಕಡೆ ಬಿರುಕು ಮತ್ತು ಹಳೇ ವೆಲ್ಡಿಂಗ್ ಗುರುತು ನೋಡಬೇಕು. ಹಾರಿ ಬಿದ್ದ ಗಾಡಿ ಮೊದಲು ಬಿರಿಯುವುದು ಅಲ್ಲೇ.

ಇನ್ನು ಬಣ್ಣ. ಈ ಫೈಲಿನಲ್ಲಿ ಒಂದೇ ಒಂದು ಪುಟ ನೋಡಲು ಪುರುಸೊತ್ತಿದೆ ಅಂದರೆ ಇದನ್ನು ನೋಡಿ. ಎಂಟಾಣೆ ನಾಣ್ಯದಷ್ಟು ಜಾಗ ಗುರುತು ಮಾಡಿ, ಸೋಪಿನ ನೀರು ಹಾಕುತ್ತಾ 400ರ ವಾಟರ್ ಪೇಪರಿನಿಂದ ಮಧ್ಯದಲ್ಲಿ ತಗಡು ಕಾಣುವವರೆಗೆ ಉಜ್ಜುತ್ತಾರೆ. ಅಂಚನ್ನು 800, 1200, ಕೊನೆಗೆ 2000ದಲ್ಲಿ ಇಳಿಜಾರಾಗಿ ತೀಡುತ್ತಾ ಹೊರಗೆ ಬಂದರೆ ಮರದ ಕಾಂಡ ಕತ್ತರಿಸಿದ ಹಾಗೆ ಬಳೆ ಬಳೆಯಾಗಿ ಪದರಗಳು ಏಳುತ್ತವೆ. ಒದ್ದೆ ಇರುವಾಗಲೇ ಫೋಟೋ ತೆಗೆಯಬೇಕು, ಒಣಗಿದರೆ ಬೂದು ಪ್ರೈಮರೂ ಬಿಳಿ ಬಣ್ಣವೂ ಒಂದೇ ಥರ ಕಾಣುತ್ತವೆ. ಮೂರರಲ್ಲಿ ಒಂದು ಜಿಪ್ಸಿಯ ಬಾಗಿಲಿನಲ್ಲಿ ಮೇಲಿನಿಂದ ಕೆಳಕ್ಕೆ ಸಿಕ್ಕಿದ್ದು ಕೆಂಪು, ಬೂದು ಪ್ರೈಮರ್, ಹಳದಿ, ತೆಳ್ಳನೆಯ ಬಿಳಿ, ಮತ್ತೆ ಪ್ರೈಮರ್, ಎಲ್ಲಕ್ಕಿಂತ ಅಡಿಯಲ್ಲಿ ಮಂಕು ಆಲಿವ್ ಹಸಿರು. ಆ ಹಸಿರು ಅಂದರೆ ಮಿಲಿಟರಿ. ಮಾರುವವರು ಹೇಳಿದ್ದು ‘94ರಿಂದಲೂ ಓಡಿದ ಗಾಡಿ’ ಎಂದು. ಮಿಲಿಟರಿ ಗಾಡಿ ಹರಾಜಾಗಿ ಹೊರಬಂದ ಮೇಲೆ ತಾನೇ ಓಡುವುದು? ಆರ್‌ಸಿಯಲ್ಲಿ ಮೊದಲ ನೋಂದಣಿಯ ದಿನಾಂಕ ಅದಕ್ಕಿಂತ ಎಷ್ಟೋ ಈಚಿನದು. ಹಳದಿ ಪದರ ರೇಸಿನದ್ದೇ ಇರಬಹುದು, ಆದರೆ 94ರದ್ದಲ್ಲ.

ಇಲ್ಲೇ ಅವರ ದೊಡ್ಡ ತಪ್ಪೂ ಇದೆ. ಉಜ್ಜಿದ್ದು ಬಾಗಿಲಿನಲ್ಲಿ ಮಾತ್ರ. ಜಿಪ್ಸಿಯ ಬಾಗಿಲು, ಬಾನೆಟ್, ಹಿಂದಿನ ಡೋರು ಎಲ್ಲ ಬೋಲ್ಟ್ ಬಿಚ್ಚಿದರೆ ಬರುವಂಥವು. ಡರ್ಟ್ ಟ್ರ್ಯಾಕಿನಲ್ಲಿ ಬಾಗಿಲು ನಜ್ಜುಗುಜ್ಜಾದರೆ ಗುಜರಿಯಿಂದ ಇನ್ನೊಂದು ತಂದು ಕೂರಿಸುತ್ತಾರೆ. ಬಾಗಿಲಿನ ಬಣ್ಣ ಬಾಗಿಲಿನ ಜಾತಕವೇ ಹೊರತು ಗಾಡಿಯದ್ದಲ್ಲ. ಇಂಜಿನ್ ಹಿಂದಿನ ಫೈರ್‌ವಾಲ್ ತಗಡಿನಲ್ಲಿ ಒಂದು, ಹಿಂಚಕ್ರದ ಗೂಡಿನ ಮೇಲ್ಭಾಗದಲ್ಲಿ ಒಂದು, ಹೀಗೆ ಬಿಚ್ಚಲಾಗದ ಜಾಗದಲ್ಲಿ ಎರಡು ಬಳೆ ತೆಗೆಸಿ. ಕೇಳಿದರೆ ಮಾಡಿಕೊಡುತ್ತಾರೆ, ತಾವಾಗಿ ಮಾಡುವುದಿಲ್ಲ. ಹಸಿರಿನ ಗಾಡಿಯಲ್ಲಿ ಫೈರ್‌ವಾಲಿನಲ್ಲೂ ಹಸಿರೇ ಬಂತು, ಹಾಗಾಗಿ ತೀರ್ಪು ಉಳಿಯಿತು. ಬಣ್ಣದ ದಪ್ಪ ಅಳೆಯುವ ಮೀಟರೂ ಅವರ ಬಳಿ ಇದೆ. ಕಾರ್ಖಾನೆ ಬಣ್ಣ ಹೆಚ್ಚುಕಡಿಮೆ 80ರಿಂದ 150 ಮೈಕ್ರಾನ್, ಮರುಬಣ್ಣವಾದರೆ 200-300, 500 ದಾಟಿದರೆ ಒಳಗೆ ಪುಟ್ಟಿ. ಎಲ್ಲಿ ಉಜ್ಜಬಾರದು ಎಂದು ತಿಳಿಯಲು ಇದು ಉಪಯೋಗ: ಪುಟ್ಟಿ ಇರುವ ಕಡೆ ಹಳೇ ಪದರ ಉಳಿದಿರುವುದಿಲ್ಲ.

ರಾತ್ರಿ ದೀಪ ಆರಿಸಿ, ಬಾಗಿಲಿಗೆ ಟಾರ್ಚನ್ನು ಅಡ್ಡಡ್ಡ ಹಿಡಿದರೆ ಹಳೇ ಸ್ಟಿಕ್ಕರಿನ ನೆರಳು ಕಾಣುವುದುಂಟು. ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿ, ಸ್ಟಿಕ್ಕರಿನ ಕೆಳಗಿನದು ಮಾಸದೆ ಉಳಿದು, ಅಂಚಿನಲ್ಲಿ ಕೂದಲೆಳೆಯ ಮೆಟ್ಟಿಲು ನಿಂತಿರುತ್ತದೆ. ಮುಖ್ಯವಾಗಿ ಹುಡುಕಬೇಕಾದದ್ದು ಮುಂದಿನ ಗಾಜಿನ ಬುಡದಲ್ಲಿ ಒಂದು ತ್ರಿಕೋನ: ಬಿಳಿ ಅಂಚಿನ ನೀಲಿ ತ್ರಿಕೋನ, ಒಳಗೆ ಕೆಂಪು ಮಿಂಚು, ತಳ ಕಡಿಮೆಯೆಂದರೆ 12 ಸೆಂಮೀ. ಹೊರಗಿನಿಂದ ಕರೆಂಟ್ ಕಡಿಯುವ ‘ಕಿಲ್ ಸ್ವಿಚ್’ ಎಲ್ಲಿದೆ ಎಂದು ತೋರಿಸುವ ಅಂತರರಾಷ್ಟ್ರೀಯ ಗುರುತು ಅದು. ಅದರ ಹತ್ತಿರವೇ ಮುಚ್ಚಿದ ಒಂದು ತೂತು ಸಿಕ್ಕರೆ ಆ ಗಾಡಿ ತಪಾಸಣೆ ದಾಟಿ ಸಾಲಿನಲ್ಲಿ ನಿಂತದ್ದೇ ಸರಿ. ಶೋಕಿಗೆ ರೇಸ್ ಗಾಡಿ ಥರ ಮಾಡಿಸಿದವರು ಉದ್ದುದ್ದ ಪಟ್ಟಿ ಹಾಕಿಸುತ್ತಾರೆ, ಕಿಲ್ ಸ್ವಿಚ್ ಹಾಕಿಸುವುದಿಲ್ಲ.

ಕೆಂಪು ಮಣ್ಣಿನ ಬಗ್ಗೆ ಒಂದು ಮಾತು. ಒಂದು ಫೈಲಿನಲ್ಲಿ ‘ಚಾಸಿ ಒಳಗೆ ಕೆಂಪು ಮಣ್ಣು ಇದೆ, ಡರ್ಟ್ ಟ್ರ್ಯಾಕ್ ಬಳಕೆ ಖಚಿತ’ ಅಂತ ಬರೆದಿದ್ದಾರೆ. ಚಿಕ್ಕಮಗಳೂರಿನಲ್ಲಿ! ಇಲ್ಲಿ ಕಾಫಿ ಮೂಟೆ ಹೊತ್ತ ಪಿಕಪ್ಪಿನ ಚಾಸಿಯಲ್ಲೂ, ಶಾಲೆ ವ್ಯಾನಿನ ಚಾಸಿಯಲ್ಲೂ ಅದೇ ಮಣ್ಣು.

ರೋಲ್ ಕೇಜಿಗೆ, ಅಂದರೆ ಗಾಡಿ ಮಗುಚಿದಾಗ ಒಳಗಿನವರನ್ನು ಕಾಯುವ ಪೈಪಿನ ಪಂಜರಕ್ಕೆ, ವರ್ನಿಯರ್ ಹಿಡಿಯುವುದನ್ನು ಇವರಿಂದ ಕಲಿಯಬೇಕು. ಎಫ್‌ಐಎ (ಮೋಟಾರು ಓಟಗಳ ಅಂತರರಾಷ್ಟ್ರೀಯ ಸಂಸ್ಥೆ) ನಿಯಮದ ಪ್ರಕಾರ ಕೇಜು ಬೆಸುಗೆಯಿಲ್ಲದ ಸೀಮ್‌ಲೆಸ್ ಉಕ್ಕಿನ ಪೈಪಿನದ್ದಾಗಿರಬೇಕು. ತಲೆಯ ಹಿಂದಿನ ಮುಖ್ಯ ಕಮಾನು 45 ಮಿಮೀ ಹೊರವ್ಯಾಸ, 2.5 ಮಿಮೀ ದಪ್ಪ, ಇಲ್ಲವೇ 50 ಮಿಮೀಗೆ 2 ಮಿಮೀ. ಉಳಿದ ಪೈಪುಗಳು 38ಕ್ಕೆ 2.5 ಅಥವಾ 40ಕ್ಕೆ 2. ಈಗ ನಿಮ್ಮ ಗಾಡಿಯ ಪೈಪಿಗೆ ವರ್ನಿಯರ್ ಹಿಡಿಯಿರಿ. 48.3 ಬಂದರೆ ಅದು ಒಂದೂವರೆ ಇಂಚಿನ ನೀರಿನ ಪೈಪು, 42.4 ಬಂದರೆ ಒಂದೂಕಾಲು ಇಂಚಿನದು. ಬಣ್ಣ ಬಳಿದಿದ್ದರೆ ಅರ್ಧ ಮಿಮೀ ಹೆಚ್ಚು ಬಂದೀತು, ಆದರೂ ಗೊಂದಲ ಆಗುವುದಿಲ್ಲ. ಪೈಪಿನ ತೆರೆದ ತುದಿಯಿಂದ ಅಥವಾ ಬೋಲ್ಟಿನ ತೂತಿನಿಂದ ಸಣ್ಣ ಕ್ಯಾಮೆರಾ ಇಳಿಸಿದರೆ ಒಳಗೆ ಉದ್ದಕ್ಕೆ ಬೆಸುಗೆಯ ಗೆರೆ ಇದೆಯೇ ಇಲ್ಲವೇ ಕಾಣುತ್ತದೆ. ಮೂರರಲ್ಲಿ ಎರಡು ಗಾಡಿಯ ಕೇಜು ನಲ್ಲಿ ಪೈಪು. ಅದರಿಂದ ಗಾಡಿ ಓಡಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಊರ ಮಟ್ಟದ ಓಟಗಳಲ್ಲಿ ತಪಾಸಣೆ ಸಡಿಲ ಇದ್ದ ಕಡೆ ನಲ್ಲಿ ಪೈಪಿನಲ್ಲೇ ಓಡಿದವರಿರಬಹುದು. ಆದರೆ ‘ರಾಷ್ಟ್ರೀಯ ರ‍್ಯಾಲಿಯಲ್ಲಿ ಓಡಿದ್ದು, ಕೇಜು ಆಗಿನದ್ದೇ’ ಎಂಬ ಮಾತಿಗೆ ಅಲ್ಲಿಗೆ ತೆರೆ ಬಿತ್ತು. ಅಂಥ ಕೇಜು ಇಟ್ಟುಕೊಂಡು ಮತ್ತೆ ಓಡಿಸುವ ಆಲೋಚನೆಯನ್ನಂತೂ ಬಿಡಿ. ಮಗುಚಿದಾಗ ನೀರಿನ ಪೈಪು ಬೆಸುಗೆಯ ಉದ್ದಕ್ಕೇ ಸೀಳಬಹುದು.

ಕೇಜು ಬಿಚ್ಚಿಹಾಕಿದ ಗಾಡಿಯಾದರೆ ನೆಲದ ರಬ್ಬರ್ ಮ್ಯಾಟ್ ಎತ್ತಿ. ಕೇಜಿನ ಪ್ರತಿ ಕಾಲಿಗೆ ಕನಿಷ್ಠ ಮೂರು ಎಂ8 (8 ಮಿಮೀ) ಬೋಲ್ಟು, ಗಾಡಿಯ ಬಾಡಿಯ ಮೇಲೆ 3 ಮಿಮೀ ದಪ್ಪದ, 120 ಚದರ ಸೆಂಮೀ ವಿಸ್ತಾರದ ತಗಡು, ಹಿಂದಕ್ಕೆ ಚಾಚುವ ಕಾಲಿಗೆ ಎರಡು ಬೋಲ್ಟು, 60 ಚದರ ಸೆಂಮೀ. ಮುಂದಿನ ಕಂಬದ ಬುಡ, ಸೀಟಿನ ಹಿಂದೆ, ಹಿಂಚಕ್ರದ ಗೂಡು, ಎಡಕ್ಕೂ ಬಲಕ್ಕೂ ಸರಿಸಮವಾಗಿ ಮುಚ್ಚಿದ ತೂತುಗಳು ಸಿಕ್ಕಬೇಕು. ಮೇಲಿನಿಂದ ಪುಟ್ಟಿ ಹಾಕಿ ನುಣ್ಣಗೆ ಮಾಡಿದ್ದರೂ ಗಾಡಿಯ ಅಡಿಗೆ ನುಗ್ಗಿ ನೋಡಿದರೆ ವೆಲ್ಡಿಂಗ್ ಗುಳ್ಳೆಗಳು ಹಾಗೇ ಇರುತ್ತವೆ. ಇದನ್ನು ಫೈಲಿನಲ್ಲಿ ನಕ್ಷೆ ಸಮೇತ ಬರೆದುಕೊಟ್ಟಿದ್ದಾರೆ, ಮೆಚ್ಚಬೇಕು.

ಆದರೆ ಅದೇ ಕೈಗಳು ಹಳೇ ಸೀಟ್ ಬೆಲ್ಟುಗಳನ್ನು ‘ಕೊಳೆತು ಹೋಗಿವೆ’ ಎಂದು ಕಿತ್ತು ತಿಪ್ಪೆಗೆ ಎಸೆದಿವೆ. ಕೈ ಕೈ ಹಿಸುಕಿಕೊಳ್ಳುವ ಹಾಗಾಯಿತು. ಎಫ್‌ಐಎಯ 8853/98 ದರ್ಜೆಯ ರೇಸ್ ಬೆಲ್ಟಿನ ಪಟ್ಟಿಯ ಮೇಲೆ ಹೊಲಿದ ಚೀಟಿಯಲ್ಲಿ ಯಾವ ವರ್ಷದ ನಂತರ ಬಳಸುವಂತಿಲ್ಲ ಎಂದು ಇಸವಿ ಇರುತ್ತದೆ. ಅದರಲ್ಲಿ 5 ಕಳೆದರೆ ತಯಾರಾದ ವರ್ಷ. ಊರ ಓಟಗಳಲ್ಲಿ ಅವಧಿ ಮುಗಿದ ಬೆಲ್ಟನ್ನೂ ಕಟ್ಟಿಕೊಂಡು ಓಡಿದವರಿದ್ದಾರು, ಹಾಗಾಗಿ ‘ಇದಕ್ಕಿಂತ ಮೊದಲು ಈ ಬೆಲ್ಟು ಇಲ್ಲಿರಲು ಸಾಧ್ಯವಿಲ್ಲ’ ಎನ್ನುವುದಷ್ಟೇ ಖಚಿತ. ಅಷ್ಟು ಸಾಕು, ಜಾತಕದಲ್ಲಿ ಒಂದು ಗಟ್ಟಿ ಇಸವಿ ಸಿಕ್ಕಿದ ಹಾಗೆ. ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಭರ್ತಿ ದಿನಾಂಕ, ಟೈರಿನ ಪಕ್ಕದ ನಾಲ್ಕಂಕಿ (ಮೊದಲೆರಡು ವಾರ, ಕೊನೆಯೆರಡು ವರ್ಷ, 2000ಕ್ಕೆ ಮುಂಚಿನದ್ದಾದರೆ ಮೂರೇ ಅಂಕಿ), ಕಿಟಕಿ ಗಾಜಿನ ಮೂಲೆಯ ಗುರುತು, ಇವೂ ಹಾಗೆಯೇ. ಗಾಡಿ ಬಿಡುವಾಗಲೇ ‘ಏನನ್ನೂ ಎಸೆಯಬೇಡಿ, ಮುರಿದ ಸ್ಕ್ರೂ ಕೂಡ ಚೀಲಕ್ಕೆ ಹಾಕಿ’ ಅಂತ ಬರೆದು ಸಹಿ ಹಾಕಿಸಿ.

ರ‍್ಯಾಲಿ ಗಾಡಿಯೋ, ಬರೀ ಡರ್ಟ್ ಟ್ರ್ಯಾಕಿನದ್ದೋ? ಬೆಲೆಯಲ್ಲಿ ಬಹಳ ವ್ಯತ್ಯಾಸ ಬರುವುದರಿಂದ ಮಾರುವವರು ಎರಡನ್ನೂ ಬೆರೆಸುತ್ತಾರೆ. ಫೈಲೂ ಬೆರೆಸಿದೆ. ಬೇರೆ ಮಾಡುವುದು ಕಷ್ಟವಲ್ಲ, ಎಡಗಡೆಯ ಸೀಟು ನೋಡಿ. ರ‍್ಯಾಲಿಯಲ್ಲಿ ಅಲ್ಲಿ ನ್ಯಾವಿಗೇಟರ್ ಕೂರುತ್ತಾನೆ: ಕಾಲು ಒತ್ತಿಕೊಳ್ಳಲು ಅಡ್ಡಪಟ್ಟಿ, ನಕ್ಷೆ ಓದುವ ದೀಪದ ತೂತು, ದೂರ ಅಳೆಯುವ ಮೀಟರಿನ ಬ್ರಾಕೆಟ್ಟು, ಅದರ ತಂತಿ ಚಕ್ರದ ಹಬ್ಬಿನವರೆಗೆ ಓಡಿದ ಗುರುತು. ಡರ್ಟ್ ಟ್ರ್ಯಾಕಿನಲ್ಲಿ ಒಬ್ಬನೇ ಓಡಿಸುವುದು. ಅಲ್ಲಿ ಎಡಸೀಟಿನ ಬುಡವನ್ನೇ ಕತ್ತರಿಸಿ ತೂಕ ಇಳಿಸಿರುತ್ತಾರೆ. ಇನ್ನೊಂದು ವ್ಯತ್ಯಾಸ ಕಾಗದದ್ದು. ರ‍್ಯಾಲಿಯಲ್ಲಿ ಒಂದು ಸ್ಟೇಜಿನಿಂದ (ಸಮಯ ಅಳೆಯುವ ಓಟದ ತುಣುಕು) ಇನ್ನೊಂದಕ್ಕೆ ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು, ಹಾಗಾಗಿ ನೋಂದಣಿ, ನಂಬರ್ ಪ್ಲೇಟು ಎಲ್ಲ ಇರಬೇಕು, ಫೋಟೋದಲ್ಲೂ ನಂಬರ್ ಕಾಣುತ್ತದೆ. ಡರ್ಟ್ ಟ್ರ್ಯಾಕಿನ ಗಾಡಿ ಲಾರಿಯಲ್ಲಿ ಬಂದು ಲಾರಿಯಲ್ಲೇ ಹೋಗುತ್ತದೆ. ಅದರ ಗುರುತು ಹಿಡಿಯುವುದು ಇದಕ್ಕೇ ಕಷ್ಟ.

ಇಂಜಿನ್ ವಿಚಾರದಲ್ಲಿ ಗ್ಯಾರೇಜಿನವರು ಒಂದು ಪುಟ್ಟ ಚಮತ್ಕಾರ ಮಾಡುತ್ತಾರೆ. ಜಿಪ್ಸಿಗೆ ಮಾರುತಿಯದೇ ಹಳೇ ಬಲೆನೋ ಕಾರಿನ 1590 ಸಿಸಿ ಜಿ16ಬಿ ಇಂಜಿನ್ ಹಾಕುವುದು ಓಟದವರ ಹಳೇ ಚಾಳಿ. ಹೊರನೋಟಕ್ಕೆ ಅದು ಜಿಪ್ಸಿಯದೇ 16 ವಾಲ್ವಿನ ಇಂಜಿನ್ ಜಿ13ಬಿಬಿಯ ಅಣ್ಣನ ಹಾಗೇ ಇರುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ನೇರ ಬಾವಿಯೊಳಗೆ ನೇರವಾದ ಹಿತ್ತಾಳೆ ಕಡ್ಡಿ ಇಳಿಸಿ, ಇಂಜಿನನ್ನು ಸ್ಪ್ಯಾನರಿನಿಂದ ಕೈಯಲ್ಲೇ ನಿಧಾನ ತಿರುಗಿಸುತ್ತಾರೆ. ಕಡ್ಡಿ ಅತಿ ಮೇಲೆ ಬಂದಾಗ ಒಂದು ಗುರುತು, ಅತಿ ಕೆಳಗೆ ಹೋದಾಗ ಒಂದು ಗುರುತು. ಎರಡರ ನಡುವೆ 75.5 ಮಿಮೀ ಬಂದರೆ 1298 ಸಿಸಿ, 90 ಬಂದರೆ ಬಲೆನೋದ್ದು. ಕಡ್ಡಿ ತುಸು ಓರೆಯಾದರೂ ಒಂದೆರಡು ಮಿಮೀ ಹೆಚ್ಚುಕಡಿಮೆ ಅಷ್ಟೆ, 75ನ್ನು 90 ಅಂತ ಯಾರೂ ಓದುವುದಿಲ್ಲ. ಕಬ್ಬಿಣದ ಕಡ್ಡಿ ಬಳಸಬೇಡಿ, ಪಿಸ್ಟನ್ ತಲೆಗೆ ಗೀರು ಬೀಳುತ್ತದೆ. ಸ್ಟಾರ್ಟರ್ ಹೊಡೆದು ತಿರುಗಿಸಿದರೆ ಕಡ್ಡಿ ಬಗ್ಗಿ ಒಳಗೇ ಸಿಕ್ಕಿಕೊಂಡೀತು. ಆಮೇಲೆ ಬ್ಲಾಕಿನ ಮೇಲಿನ ನಂಬರನ್ನು ಬಿ ಎಕ್ಸ್‌ಟ್ರ್ಯಾಕ್ಟ್ ಜೊತೆ ತಾಳೆ ಹಾಕಬೇಕು. ಶುರುವಿನ ಅಕ್ಷರಗಳೇ, ಎಫ್10ಎ, ಜಿ13ಬಿ, ಅರ್ಧ ಉತ್ತರ ಕೊಡುತ್ತವೆ. ಆರ್‌ಟಿಒಗೆ ತಿಳಿಸದೆ ಇಂಜಿನ್ ಬದಲಿಸಿದ್ದರೆ ಮುಂದಿನ ನವೀಕರಣದಲ್ಲಿ ಸಿಕ್ಕಿಬೀಳುವವರು ನೀವು, ಮಾರಿದವರಲ್ಲ.

ಡಿಫರೆನ್ಷಿಯಲ್, ಅಂದರೆ ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಪೆಟ್ಟಿಗೆ, ಅದನ್ನು ಗ್ಯಾರೇಜಿನವರು ನೋಡಿಯೇ ಇಲ್ಲ. ಐದು ನಿಮಿಷದ ಕೆಲಸ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಎದುರಿನದು ತದ್ವಿರುದ್ಧ ದಿಕ್ಕಿಗೆ ತಿರುಗಿದರೆ ಮಾಮೂಲಿ. ಎರಡೂ ಒಂದೇ ದಿಕ್ಕಿಗೆ, ಬಿಗಿಯಾಗಿ, ಒಂಚೂರೂ ಹಿಂದುಳಿಯದೆ ತಿರುಗಿದರೆ ಒಳಗಿನ ಹಲ್ಲುಗಳನ್ನು ವೆಲ್ಡ್ ಮಾಡಿದ್ದಾರೆ. ಕೆಸರು ಟ್ರ್ಯಾಕಿನಲ್ಲಿ ಬಾಲ ಬೀಸಲು ಕಡಿಮೆ ಖರ್ಚಿನ ಉಪಾಯ ಅದು. ಡಾಂಬರು ರಸ್ತೆಯಲ್ಲಿ ಚಾರ್ಮಾಡಿ ತಿರುವು ಇಳಿಸಿದರೆ ಟೈರು ಚೀರಾಡುತ್ತದೆ, ಆ್ಯಕ್ಸಲ್ ಶಾಫ್ಟ್ ತುಂಡಾಗುತ್ತದೆ. ಕೇಜಿಗಿಂತಲೂ, ಬಣ್ಣಕ್ಕಿಂತಲೂ ಇದು ನಂಬುವಂಥ ಸಾಕ್ಷಿ. ಶೋಕಿಗೆ ಯಾರೂ ಡಿಫರೆನ್ಷಿಯಲ್ ವೆಲ್ಡ್ ಮಾಡಿಸುವುದಿಲ್ಲ. ನಲ್ಲಿ ಪೈಪ್ ಕೇಜಿನ ಒಂದು ಜಿಪ್ಸಿಯನ್ನು ಹೀಗೆ ಎತ್ತಿ ತಿರುಗಿಸಿದಾಗ ಎರಡೂ ಚಕ್ರ ಜೊತೆಗೇ ತಿರುಗಿದವು. ಗ್ಯಾರೇಜು ‘ಅನುಮಾನ’ ಎಂದು ಬರೆದಿದ್ದ ಗಾಡಿಯೇ ನಿಜಕ್ಕೂ ಓಡಿದ್ದು.

ಫೋಟೋ ಹುಡುಕಿಸುವುದಕ್ಕೆ ಈ ಗ್ಯಾರೇಜನ್ನು ನೆಚ್ಚಿಕೊಳ್ಳಬೇಡಿ. ಈಚಿನ ಓಟಗಳಿಗೆ ಚಿತ್ರಗಳ ರಾಶಿಯೇ ಇದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಇಂಡಿಯಾ ಸುತ್ತು ಇಲ್ಲೇ ನಡೆಯಿತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್ ಸ್ಕೋಡಾ ಫ್ಯಾಬಿಯಾ ಆರ್5 ಓಡಿಸಿದ್ದನ್ನು ಬೇಲಿ ಪಕ್ಕ ನಿಂತವರೆಲ್ಲ ಮೊಬೈಲಿನಲ್ಲಿ ತೆಗೆದಿದ್ದಾರೆ. ಮೊಬೈಲಿಗೆ ಮುಂಚಿನದ್ದಕ್ಕೆ ಸ್ಟುಡಿಯೋಗಳ ನೆಗೆಟಿವ್ ಡಬ್ಬಿ, ಮನೆಗಳ ಆಲ್ಬಮ್ಮು, ತೋಟದ ಆಫೀಸು. ಹಳೇ ಮಾಲೀಕ ಪ್ಲಾಂಟರ್ ಆಗಿದ್ದರೆ ಅಲ್ಲಿನ ರೈಟರು (ತೋಟದ ಗುಮಾಸ್ತರು) ಇಟ್ಟ ಪೆಟ್ರೋಲ್ ಚೀಟಿಯ ಪುಸ್ತಕ, ಗಾಡಿ ರಿಪೇರಿ ಖರ್ಚಿನ ಲೆಕ್ಕ ಕೇಳಿ ನೋಡಿ. ‘ಕೇಜು ವೆಲ್ಡಿಂಗ್’ ಅಂತ ಒಂದು ಸಾಲು ದಿನಾಂಕ ಸಮೇತ ಸಿಕ್ಕರೆ ಹತ್ತು ಜನರ ಬಾಯಿಮಾತಿಗಿಂತ ಹೆಚ್ಚು. ಚಿತ್ರ ಸಿಕ್ಕಿದಾಗ ಬಣ್ಣ, ನಂಬರಿನ ಸ್ಟಿಕ್ಕರ್ ನೋಡಿ ಹಿಗ್ಗಬೇಡಿ, ಅವನ್ನು ಯಾರು ಬೇಕಾದರೂ ನಕಲು ಮಾಡಬಹುದು. ಗಾಜಿನ ಚೌಕಟ್ಟಿನ ಡೊಂಕು, ಆ್ಯಂಟೆನಾ ತೂತು, ಫೈರ್‌ವಾಲಿನ ವೆಲ್ಡಿಂಗ್ ಗಾಯ, ಇಂಥ ಬಿಚ್ಚಲಾಗದ ಕಡೆಯ ಗುರುತು ಎರಡಾದರೂ ಹೊಂದಬೇಕು.

ಫೈಲಿನೊಳಗಿನ ಫೋಟೋಗಳದ್ದು ಇನ್ನೊಂದು ಗೋಳು. ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಅದನ್ನೇ ಪ್ರಿಂಟ್ ಹಾಕಿಸಿದ್ದಾರೆ. ಅಷ್ಟು ಚೆಂದ ಉಜ್ಜಿ ತೆಗೆದ ಚಾಸಿ ನಂಬರಿನ 3 ಯಾವುದು 8 ಯಾವುದು ತಿಳಿಯುವುದಿಲ್ಲ. ಪೆನ್‌ಡ್ರೈವ್ ಒಯ್ದು ಮೂಲ ಫೈಲುಗಳನ್ನೇ ಹಾಕಿಸಿಕೊಳ್ಳಿ. ಬಣ್ಣ ಉಜ್ಜಿದ ಜಾಗಕ್ಕೆ ಪ್ರೈಮರ್ ಹಚ್ಚಿ ಕೊಡುವುದಿಲ್ಲ, ಅದನ್ನೂ ಹೇಳಿಯೇ ಮಾಡಿಸಬೇಕು. ಜೂನ್ ಮಳೆ ಹಿಡಿದರೆ ಬರಿ ತಗಡು ವಾರದಲ್ಲೇ ಕೆಂಪಗಾಗುತ್ತದೆ.

‘ವಿಂಟೇಜ್ ಸರ್ಟಿಫಿಕೇಟಿಗೂ ಈ ಫೈಲ್ ಆಗುತ್ತೆ’ ಎಂದು ಅವರು ಹೇಳುವುದನ್ನು ನಂಬಬೇಡಿ. 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ಅಂದರೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಇಂಜಿನ್ ವಿಪರೀತ ಬದಲಾಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮೊಟ್ಟಮೊದಲ ಜಿಪ್ಸಿಗೂ 2035ರ ಕೊನೆಯವರೆಗೆ ಆ ಯೋಗವಿಲ್ಲ. ಬಂದಾಗಲೂ, ಕೊರೆದು ಕತ್ತರಿಸಿದ ರೇಸ್ ಗಾಡಿಗೆ ಅದು ದಕ್ಕುವುದು ಕಷ್ಟ. ಹಳೇ ಫಿಯೆಟ್, ಅಂಬಾಸಡರ್ ಇಟ್ಟುಕೊಂಡವರಿಗೆ ಆ ಮಾತು ಬೇರೆ.

ಹೋಗುವುದಾದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಬೇಡ. ಕಾಫಿ ಕೊಯ್ಲು ನಡೆಯುವಾಗ ತೋಟದ ಪಿಕಪ್ಪು, ಟ್ರ್ಯಾಕ್ಟರುಗಳೇ ಸಾಲುಗಟ್ಟಿ ನಿಂತಿರುತ್ತವೆ, ನಿಮ್ಮ ಜಿಪ್ಸಿಯನ್ನು ಹುಡುಗರ ಕೈಗೆ ಬಿಟ್ಟು ದೊಡ್ಡ ಮೇಸ್ತ್ರಿ ಎದ್ದು ಹೋಗುತ್ತಾರೆ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ, ಮುಂಗಾರಿಗೆ ಮುಂಚೆ ಹೋದರೆ ಅವರೇ ನಿಂತು ಮಾಡುತ್ತಾರೆ. ಬಿ ಎಕ್ಸ್‌ಟ್ರ್ಯಾಕ್ಟ್ ಜೆರಾಕ್ಸ್, ಕಂಪನಿ ರಿಮ್ಮಿನ ಎರಡು ಚಕ್ರ, ಪೆನ್‌ಡ್ರೈವ್, ಸ್ಕ್ರೂ ಹಾಕಿಡಲು ಜಿಪ್ ಇರುವ ಚೀಲಗಳು ನಿಮ್ಮ ಕೈಯಲ್ಲಿರಲಿ. ಫೈರ್‌ವಾಲ್ ಬಣ್ಣ ಮತ್ತು ಡಿಫರೆನ್ಷಿಯಲ್ ಎರಡನ್ನೂ ಚೀಟಿಯಲ್ಲಿ ಬರೆದುಕೊಡಿ. ಕೊನೆಯ ‘ಇತಿಹಾಸ’ ಪುಟ ಬೇಡ ಅಂದುಬಿಡಿ, ಮಾರುವವರು ಹೇಳಿದ್ದನ್ನೇ ಟೈಪ್ ಮಾಡಿದ ಹಾಳೆ ಅದು. ಬೇಡ ಅಂದರೆ ಬಿಲ್ಲಿನಲ್ಲಿ ಸ್ವಲ್ಪ ಬಿಡುತ್ತಾರೆ ಕೂಡ.